ಹೊರಗೆ ಬಿಡದ ಮಳೆ, ಒಳಗೆ ದಣಿಯದ ಮಕ್ಕಳು: ನಡುಮನೆಯಲ್ಲಿ ಒಂದು ಗಂಟೆಯ ಆಟ ಸಾಧ್ಯವೇ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಪುನರ್ವಸು ಮಳೆ ಬೆಳಗಿನಿಂದ ಬಿಟ್ಟಿಲ್ಲ. ಶಾಲೆಗೆ ರಜೆ ಕೊಟ್ಟಿದ್ದಾರೆ. ಮಲ್ಲಿಕಾರ್ಜುನ ದೇವಸ್ಥಾನದಿಂದ ಹೆಸರಾದ, ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಂಥ ಊರಿನ ಒಂದು ಮನೆಯನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ಕೆಸರು, ಹಗ್ಗದ ಮೇಲೆ ಒಣಗದ ಬಟ್ಟೆ, ಗದ್ದೆ ಕೆಲಸದಿಂದ ನೆನೆದು ಬಂದ ಹಿರಿಯರು. ಅವರ ನಡುವೆ ಏಳು ವರ್ಷದ ಹುಡುಗನೊಬ್ಬ ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಓಡುತ್ತಿದ್ದಾನೆ. "ಒಂದು ಕಡೆ ಕೂತ್ಕೊಳ್ಳೋ ಮಾರಾಯ" ಎಂದು ಅಮ್ಮ ಹತ್ತು ಸಲ ಹೇಳಿ ಆಯಿತು. ಹನ್ನೊಂದನೆಯ ಸಲ ಅವನ ಕೈಗೆ ಮೊಬೈಲ್ ಬರುತ್ತದೆ. ಮನೆ ಸದ್ದಿಲ್ಲದಂತಾಗುತ್ತದೆ.

ಇದು ಒಂದು ದಿನದ ಮಾತಾದರೆ ಚಿಂತೆ ಇರಲಿಲ್ಲ. ಆದರೆ ಅರೆಮಲೆನಾಡಿನ ಈ ಭಾಗದಲ್ಲಿ, ಪಕ್ಕದ ಸೊರಬದ ಕಡೆ ಇನ್ನೂ ಹೆಚ್ಚಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಅಂದರೆ ವರ್ಷದ ಮೂರನೇ ಒಂದು ಭಾಗ. ಅಷ್ಟು ದಿನ ಮಗುವಿನ ಓಡಾಟ ನಿಂತರೆ ಏನಾಗುತ್ತದೆ? ಅಷ್ಟು ಚಿಕ್ಕ ಜಾಗದಲ್ಲಿ ಅದನ್ನು ಉಳಿಸಿಕೊಳ್ಳಲು ಆಗುತ್ತದೆಯೇ? ಆಗುತ್ತದೆ. ಅದು ಹೇಗೆ ಎಂದು ತಿಳಿಯಲು ಮೊದಲು ಮಕ್ಕಳ ಮೈ ಕೆಲಸ ಮಾಡುವ ರೀತಿಯನ್ನು ನೋಡೋಣ.

ಮಕ್ಕಳಿಗೆ ದಣಿವು ಯಾಕೆ ಆಗುವುದಿಲ್ಲ?

ನಾವು ದೊಡ್ಡವರು ಓಡಿದರೆ ಸ್ವಲ್ಪ ಹೊತ್ತಿಗೇ ತೊಡೆ ಸೋಲುತ್ತದೆ. ವೇಗದ ಓಟದಲ್ಲಿ ನಮ್ಮ ಸ್ನಾಯುಗಳು ಆಮ್ಲಜನಕ ಬಳಸದೆಯೂ ಶಕ್ತಿ ತಯಾರಿಸುತ್ತವೆ. ಆ ದಾರಿ ವೇಗದ್ದು, ಆದರೆ ಬೇಗ ದಣಿಸುವಂಥದ್ದು. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳ ಸ್ನಾಯುಗಳು ಹೆಚ್ಚಾಗಿ ಆಮ್ಲಜನಕವನ್ನು ಬಳಸುವ ದಾರಿಯನ್ನೇ ಹಿಡಿಯುತ್ತವೆ. ಹಾಗಾಗಿ ಅವರಿಗೆ ದಣಿವು ನಿಧಾನ, ಚೇತರಿಕೆ ಬೇಗ.

ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅವರು ಪ್ರೌಢಾವಸ್ಥೆಗೆ ಬಾರದ ಹುಡುಗರು, ತರಬೇತಿ ಇಲ್ಲದ ಗಂಡಸರು ಮತ್ತು ದೂರದ ಸ್ಪರ್ಧೆಗಳಲ್ಲಿ ಪಳಗಿದ ಕ್ರೀಡಾಪಟುಗಳು ಎಂಬ ಮೂರು ಗುಂಪುಗಳಿಗೆ ಸೈಕಲ್ ತುಳಿಸಿ ಪರೀಕ್ಷಿಸಿದರು. ದಣಿವನ್ನು ತಾಳಿಕೊಳ್ಳುವುದರಲ್ಲಿ ಹುಡುಗರು ಸಾಮಾನ್ಯ ಗಂಡಸರಿಗಿಂತ ಕ್ರೀಡಾಪಟುಗಳಿಗೇ ಹತ್ತಿರವಾಗಿದ್ದರು. ನಿಮ್ಮ ಮನೆಯ ಹುಡುಗ ಮತ್ತೆ ಮತ್ತೆ ಓಡುವುದು ನಿಮ್ಮ ಮಾತನ್ನು ಮೀರಲೆಂದಲ್ಲ. ಎರಡು ನಿಮಿಷ ಕೂತರೆ ಅವನ ಮೈ ಮತ್ತೆ ಸಿದ್ಧವಾಗಿಬಿಡುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6ರಿಂದ 10 ವರ್ಷದ 15 ಮಕ್ಕಳ ಚಲನೆಯನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಗುರುತು ಹಾಕಿಕೊಂಡರು. ಜೋರಾದ ಚಟುವಟಿಕೆ ಒಂದೊಂದು ಸಲಕ್ಕೆ ಸಾಮಾನ್ಯವಾಗಿ 3 ಸೆಕೆಂಡಿನಷ್ಟು ಮಾತ್ರ ಇತ್ತು. ಅಂಥ ಚಟುವಟಿಕೆಗಳಲ್ಲಿ ನೂರಕ್ಕೆ 95ರಷ್ಟು 15 ಸೆಕೆಂಡಿನೊಳಗೇ ಮುಗಿಯುತ್ತಿದ್ದವು. ಓಡು, ನಿಲ್ಲು, ತಿರುಗು, ಹತ್ತು, ಮತ್ತೆ ಓಡು: ಮಕ್ಕಳ ಆಟದ ಲಯವೇ ಇದು.

ಈ ಲಯ ಗೊತ್ತಾದರೆ ಜಾಗದ ಚಿಂತೆ ಅರ್ಧ ಕಳೆಯುತ್ತದೆ. ಅರ್ಧ ಗಂಟೆ ಒಂದೇ ಸಮನೆ ಓಡಲು ಮೈದಾನ ಬೇಕು. ಮೂರು ಸೆಕೆಂಡು ಜಿಗಿಯಲು ನಡುಮನೆ ಸಾಕು.

ಎಷ್ಟು ಆಟ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂಥ ಚಟುವಟಿಕೆ ಬೇಕು. ವಾರಕ್ಕೆ 3 ದಿನವಾದರೂ ಅದರಲ್ಲಿ ಮೂಳೆ ಮತ್ತು ಸ್ನಾಯುಗಳನ್ನು ಗಟ್ಟಿ ಮಾಡುವ ಜಿಗಿತ, ಹತ್ತುವುದು, ಎಳೆಯುವುದು ಇರಬೇಕು. 3 ಮತ್ತು 4 ವರ್ಷದವರಿಗೆ ಸಂಸ್ಥೆ 2019ರಲ್ಲಿ ಹೇಳಿದ್ದು ದಿನಕ್ಕೆ 180 ನಿಮಿಷದ ಓಡಾಟ. ಅದರಲ್ಲಿ 60 ನಿಮಿಷ ಜೋರಿನದ್ದು.

ಈ 60 ನಿಮಿಷ ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ಬೆಳಗ್ಗೆ ಹತ್ತು ನಿಮಿಷ, ಊಟಕ್ಕೆ ಮುಂಚೆ ಹತ್ತು ನಿಮಿಷ, ಸಂಜೆ ಎರಡು ಮೂರು ಸಲ ಹೀಗೆ ಕೂಡಿಸಿದರೂ ಲೆಕ್ಕ ಸರಿಹೋಗುತ್ತದೆ. "ಸರಾಸರಿ" ಎಂಬ ಮಾತನ್ನೂ ಗಮನಿಸಿ. ಒಂದು ದಿನ ಕಡಿಮೆಯಾದರೆ ಮರುದಿನ ತುಂಬಿಕೊಳ್ಳಬಹುದು.

ಜಗಲಿಯ ಹಳೆಯ ಆಟಗಳು, ಹೊಸ ಲೆಕ್ಕದಲ್ಲಿ

ಮಳೆಗಾಲಕ್ಕೆ ನಮ್ಮ ಹಿರಿಯರ ಬಳಿ ಆಟಗಳ ಒಂದು ಪಟ್ಟಿಯೇ ಇತ್ತು. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಕಲ್ಲಾಟ. ಇವು ಎಣಿಕೆ, ತಾಳ್ಮೆ, ಸೋಲನ್ನು ಒಪ್ಪಿಕೊಳ್ಳುವುದು ಎಲ್ಲವನ್ನೂ ಕಲಿಸುತ್ತವೆ. ಆದರೆ ಇವೆಲ್ಲ ಕೂತು ಆಡುವ ಆಟಗಳು. ಮೊಬೈಲಿಗಿಂತ ಎಷ್ಟೋ ಒಳ್ಳೆಯವಾದರೂ ಆ 60 ನಿಮಿಷದ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವ ಕೆಲವು ಆಟಗಳು ಇಲ್ಲಿವೆ.

ಕೆರೆ-ದಡ: ಸೀಮೆಸುಣ್ಣದಿಂದ ನೆಲಕ್ಕೆ ಒಂದು ಗೆರೆ ಎಳೆದರೆ ಸಾಕು. ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ಒಬ್ಬರು ಕೂಗುತ್ತಾರೆ, ಉಳಿದವರು ಹಾರುತ್ತಾರೆ, ತಪ್ಪಿದವರು ಔಟ್. ಕೂಗುವ ಕೆಲಸವನ್ನು ಅಜ್ಜಿ ಕುರ್ಚಿಯಲ್ಲಿ ಕೂತೇ ಮಾಡಬಹುದು. ಮಕ್ಕಳಿಗೆ ಸುಲಭವಾಯಿತು ಅನ್ನಿಸಿದಾಗ ನಿಯಮ ತಿರುಗಿಸಿ: "ಕೆರೆ" ಎಂದರೆ ದಡಕ್ಕೆ, "ದಡ" ಎಂದರೆ ಕೆರೆಗೆ. ಈಗ ಕಾಲಿನ ಜೊತೆಗೆ ಮಿದುಳಿಗೂ ಕೆಲಸ. ಹಾರಲು ಹೊರಟ ಕಾಲನ್ನು ತಡೆದು, ಯೋಚಿಸಿ ಹಾರಬೇಕು. ತರಗತಿಯಲ್ಲಿ ನಾಲಿಗೆ ತುದಿಗೆ ಬಂದ ಉತ್ತರವನ್ನು ತಡೆದು ಕೈ ಎತ್ತಿ ಕಾಯಲು ಬೇಕಾಗುವುದೂ ಇದೇ ಬಗೆಯ ಹಿಡಿತ.

ಕುಂಟೆಬಿಲ್ಲೆ: ಎಂಟು ಮನೆ ಬರೆಯಲು ನಡುಮನೆಯ ಒಂದು ಬದಿ ಸಾಕು. ಹೆಂಚಿನ ಚೂರಿನ ಬದಲು ಮಡಚಿದ ಬಟ್ಟೆಯನ್ನು ಬಿಲ್ಲೆ ಮಾಡಿ. ಜಾರುವುದಿಲ್ಲ, ನೆಲವೂ ಗೀರಾಗುವುದಿಲ್ಲ. ಜಿಗಿತ ಮೂಳೆಗೆ ಒಳ್ಳೆಯದು ಎಂಬುದಕ್ಕೆ ಆಧಾರವಿದೆ. ಅಮೆರಿಕದ ಒರೆಗಾನ್‌ನಲ್ಲಿ ಶಾಲಾ ಮಕ್ಕಳಿಂದ ವಾರಕ್ಕೆ 3 ದಿನ, ದಿನಕ್ಕೆ 100ರಂತೆ ಏಳು ತಿಂಗಳು ಜಿಗಿತ ಮಾಡಿಸಿದರು. ಜಿಗಿಯದ ಮಕ್ಕಳಿಗಿಂತ ಅವರ ಸೊಂಟ ಮತ್ತು ಬೆನ್ನಿನ ಮೂಳೆಗಳಲ್ಲಿ ಖನಿಜಾಂಶ ಹೆಚ್ಚಾಗಿತ್ತು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳು ಎತ್ತರದ ಪೆಟ್ಟಿಗೆಯಿಂದ ಜಿಗಿದಿದ್ದರು, ಅದೂ ನೋಡಿಕೊಳ್ಳುವವರ ಎದುರು. ಮನೆಯಲ್ಲಿ ನೆಲದ ಮೇಲಿನ ಜಿಗಿತವೇ ಇರಲಿ. ಮಂಚದಿಂದ ಹಾರುವುದು ಬೇಡ.

ಕಪ್ಪೆ, ಏಡಿ, ಆನೆ: ಮಳೆಗಾಲದಲ್ಲಿ ಈ ಪ್ರಾಣಿಗಳನ್ನು ಮಕ್ಕಳಿಗೆ ಪರಿಚಯಿಸಬೇಕಾಗಿಲ್ಲ. ಕುಕ್ಕರುಗಾಲಲ್ಲಿ ಕೂತು ಜಿಗಿದರೆ ಕಪ್ಪೆ. ಹೊಟ್ಟೆ ಮೇಲೆ ಮಾಡಿ, ಕೈಕಾಲು ಊರಿ ಅಡ್ಡಡ್ಡ ನಡೆದರೆ ಏಡಿ. ಅಂಗೈ ನೆಲಕ್ಕೆ ಊರಿ, ಮಂಡಿ ಮಡಚದೆ ನಡೆದರೆ ಆನೆ. ಕೈ, ಭುಜ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬೇರೆ ಆಟಗಳಲ್ಲಿ ಸಿಗದ ಕೆಲಸ ಇಲ್ಲಿ ಸಿಗುತ್ತದೆ. ಗೋಡೆಯಿಂದ ಗೋಡೆಗೆ ಹೋಗಿ ಬಂದರೆ ಒಂದು ಸುತ್ತು.

ಒಳಮನೆ ಲಗೋರಿ: ಕಲ್ಲಿನ ಬದಲು ಬೆಂಕಿಪೊಟ್ಟಣ ಇಲ್ಲವೇ ಖಾಲಿ ರಟ್ಟಿನ ಡಬ್ಬಿ, ರಬ್ಬರ್ ಚೆಂಡಿನ ಬದಲು ಹಳೆ ಕಾಲುಚೀಲ ಸುತ್ತಿ ಮಾಡಿದ ಬಟ್ಟೆ ಚೆಂಡು. ಗಾಜು ಒಡೆಯುವುದಿಲ್ಲ, ಪೆಟ್ಟೂ ಆಗುವುದಿಲ್ಲ.

ಹಾರುವ ಚೌಕಾಬಾರ: ಕೂತು ಆಡುವ ಆಟವನ್ನೇ ಎದ್ದು ಆಡುವಂತೆ ಮಾಡುವ ಉಪಾಯವಿದು. ನಾಲ್ಕು ಕವಡೆಗಳಲ್ಲಿ ಬೀಳುವ ಎಣಿಕೆ 1, 2, 3, 4 ಅಥವಾ 8. ಕಾಯಿ ನಡೆಸುವ ಮೊದಲು ಬಿದ್ದಷ್ಟು ಸಲ ಹಾರಬೇಕು ಎಂದು ನಿಯಮ ಮಾಡಿ. ಕಾಯಿ ಕಡಿಸಿಕೊಂಡವರು ನಡುಮನೆಗೆ ಎರಡು ಸುತ್ತು. ಹತ್ತು ವರ್ಷದ ಅಕ್ಕ ಮತ್ತು ಐದು ವರ್ಷದ ತಮ್ಮ ಒಟ್ಟಿಗೆ ಆಡಬಹುದಾದ ಆಟವಿದು. ಇಲ್ಲಿ ಗೆಲುವು ಅರ್ಧ ಕವಡೆಯ ಕೈಯಲ್ಲಿದೆ.

ತೀರಾ ಚಿಕ್ಕವರಿಗೆ ನಿಯಮ ಬೇಡ. ದಿಂಬು ಹಾಸಿ ಗುಡ್ಡ ಮಾಡಿಕೊಡಿ, ಮಂಚದಡಿ ತೆವಳಲು ಬಿಡಿ. ಚಾದರದ ಇನ್ನೊಂದು ತುದಿ ಹಿಡಿದು ಮಡಚುವುದು, ನೆಲ ಒರೆಸುವುದು ಅವರಿಗೆ ಆಟವೇ.

ಮೂರು ನಂಬಿಕೆಗಳು

ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ: ಇದು ಜಗತ್ತಿನಾದ್ಯಂತ ಇರುವ ನಂಬಿಕೆ. ಅಮೆರಿಕದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಮೂರು ವಾರ ಬೇರೆ ಬೇರೆ ಆಹಾರ: ಒಮ್ಮೆ ಸಕ್ಕರೆ ಹೆಚ್ಚು, ಉಳಿದ ಎರಡು ಸಲ ಸಕ್ಕರೆಯ ಬದಲು ಬೇರೆ ಸಿಹಿಕಾರಕ. ಯಾವಾಗ ಯಾವುದು ಎಂದು ತಂದೆ ತಾಯಿಗೂ ಗೊತ್ತಿರಲಿಲ್ಲ. ಮಕ್ಕಳ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಮಕ್ಕಳಿಗೆ ಸಕ್ಕರೆಯಿಲ್ಲದ ಪಾನೀಯವನ್ನೇ ಕೊಟ್ಟು, ಕೆಲವು ತಾಯಂದಿರಿಗೆ ಮಾತ್ರ ಸಕ್ಕರೆ ಕೊಟ್ಟಿದ್ದೇವೆ ಎಂದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚಂಚಲರಾಗಿ ಕಂಡರು! ಹಲ್ಲಿಗಾಗಿ, ತೂಕಕ್ಕಾಗಿ ಸಿಹಿ ಕಡಿಮೆ ಮಾಡಿ. ಆದರೆ ಓಡಾಟದ ತಪ್ಪನ್ನು ಬೆಲ್ಲದ ಮೇಲೆ ಹೊರಿಸಬೇಡಿ.

ಮಳೆಯಲ್ಲಿ ನೆನೆದರೆ ನೆಗಡಿ: ನೆಗಡಿ ತರುವುದು ವೈರಾಣು. ಮಳೆಗಾಲದಲ್ಲಿ ನೆಗಡಿ ಹೆಚ್ಚಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒತ್ತಾಗಿ ಕೂರುವುದೂ ಒಂದು ಕಾರಣ. ಹಾಗಾಗಿ ಒಳಗೆ ಆಡುವಾಗ ಒಂದು ಕಿಟಕಿಯಾದರೂ ತೆರೆದಿರಲಿ. ಮಕ್ಕಳನ್ನು ಹೊರಗೆ ಬಿಡದಿರಲು ನಿಜವಾದ ಕಾರಣಗಳು ಬೇರೆ: ಸಿಡಿಲು, ತುಂಬಿ ಹರಿಯುವ ಹಳ್ಳ, ಬಿದ್ದ ವಿದ್ಯುತ್ ತಂತಿ, ನೆನೆದ ಮಣ್ಣಿನ ಗೋಡೆ.

ಮೊಬೈಲ್ ಕೊಟ್ಟರೆ ಮಗು ಶಾಂತವಾಗುತ್ತದೆ: ಮಗು ಅಲುಗಾಡದೆ ಕೂರುವುದು ನಿಜ. ಆದರೆ ಓಡಬೇಕೆಂಬ ಮೈಯ ಬೇಡಿಕೆ ಅದರಿಂದ ತೀರುವುದಿಲ್ಲ. ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗೆಂದು ಅನ್ನ ಬಸಿಯುವಾಗ ಹತ್ತು ನಿಮಿಷ ಮೊಬೈಲ್ ಕೊಟ್ಟ ತಾಯಿ ತಪ್ಪಿತಸ್ಥೆಯಲ್ಲ. ಇಡೀ ಮಧ್ಯಾಹ್ನ ಅದರಲ್ಲೇ ಹೋಗದಿದ್ದರೆ ಆಯಿತು.

ಕೆಲವು ಎಚ್ಚರಗಳು

ಮಳೆಗಾಲದಲ್ಲಿ ಗಾರೆ ಮತ್ತು ಟೈಲ್ಸ್ ನೆಲ ಬೆವರಿದಂತೆ ಒದ್ದೆಯಾಗುತ್ತದೆ. ಆಟಕ್ಕೆ ಮುಂಚೆ ಒರೆಸಿ. ಕಾಲುಚೀಲ ಬೇಡ, ಬರಿಗಾಲೇ ಒಳ್ಳೆಯದು. ಜಾರುವ ಚಾಪೆ ತೆಗೆದಿಡಿ. ಜೋರಾಗಿ ಆಡುವ ಮಗು ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ಬಚ್ಚಲ ಒಲೆಯ ಹೊಗೆ ತುಂಬಿದ ಕಡೆ ಆಟ ಬೇಡ. ಬಿಸಿನೀರಿನ ಹಂಡೆ, ಒಲೆ ಇರುವ ಕೋಣೆ ಆಟದ ಗಡಿಯ ಹೊರಗಿರಲಿ. ಉಬ್ಬಸ ಇರುವ ಮಗುವಿಗೆ ಆಟ ನಿಲ್ಲಿಸಬೇಕಾಗಿಲ್ಲ. ಆದರೆ ವೈದ್ಯರು ಹೇಳಿದ ಔಷಧಿ ತಪ್ಪಬಾರದು, ಇನ್‌ಹೇಲರ್ ಕೈಗೆಟಕುವಂತಿರಬೇಕು. ಮಲಗುವ ಹೊತ್ತಿಗೆ ಜೋರಾಟ ನಿಲ್ಲಿಸಿ, ಅಳಗುಳಿಮಣೆ ತೆಗೆಯಿರಿ.

ಒಳಗಿನ ಆಟ ಕೊಡಲಾಗದ ಒಂದು ವಸ್ತುವೂ ಇದೆ: ಬೆಳಕು. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಅವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ಉಳಿದ ಶಾಲೆಗಳಲ್ಲಿ ಅದು ಸುಮಾರು 40. ಹಾಗಾಗಿ ಮಳೆ ಹೊಳವಾದ ಗಳಿಗೆಯನ್ನು ಬಿಡಬೇಡಿ. ಕೆಸರಾದರೆ ಕಾಲು ತೊಳೆದರಾಯಿತು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಮಳೆಯ ದಿನ ಮನೆಯಲ್ಲಿ ಕುಣಿಯುವ ಮಗುವನ್ನು ಕಂಡು "ಇವನಿಗೇನೋ ಕಾಯಿಲೆ" ಎನ್ನುವವರಿದ್ದಾರೆ. ಅತಿಚಟುವಟಿಕೆ ಮತ್ತು ಗಮನದ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ, ನಿಜವಾದದ್ದೇ. ಆದರೆ ಒಂದು ಜಾಗದ, ಒಂದು ವಾರದ ನಡವಳಿಕೆ ನೋಡಿ ಅದನ್ನು ತೀರ್ಮಾನಿಸುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಮಗುವಿನ ಓದು ಇಲ್ಲವೇ ಒಡನಾಟಕ್ಕೆ ಅಡ್ಡಿಯಾಗಬೇಕು. ಹಾಗಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಶಾಲೆಯಲ್ಲಿ ಪಾಠ ಕೇಳುತ್ತಾನೆ, ಗೆಳೆಯರ ಜೊತೆ ಆಡುತ್ತಾನೆ, ಮಳೆ ಬಂದು ಮನೆಯಲ್ಲಿ ಉಳಿದಾಗ ಮಾತ್ರ ಓಡುತ್ತಾನೆ ಎಂದಾದರೆ ಅವನಿಗೆ ಬೇಕಾದದ್ದು ಬೈಗುಳವೂ ಅಲ್ಲ, ಔಷಧಿಯೂ ಅಲ್ಲ. ಒಂದು ಸೀಮೆಸುಣ್ಣದ ಗೆರೆ, "ಕೆರೆ" ಎಂದು ಕೂಗಲು ಒಬ್ಬರು ದೊಡ್ಡವರು, ಅಷ್ಟೇ. ಹತ್ತು ನಿಮಿಷ ಆಡಿಸಿ ನೋಡಿ. ಅವನು ದಣಿಯುತ್ತಾನೆಂದು ನಾವು ಮಾತು ಕೊಡಲಾರೆವು. ಕೂಗಿದವರು ಮಾತ್ರ ಖಂಡಿತ ನಗುತ್ತಾರೆ.