ನೀಲಗಿರಿಯ ಗಂಟುಹುಳು

ಹಗರಿ ನದಿಯ ಮರಳು ಗಾಳಿಗೆ ಹಾರಿಬಂದು ಹೊಲಗಳನ್ನು ಮುಚ್ಚುವ ಕಣೇಕಲ್ಲಿನ ಸೀಮೆಯಲ್ಲಿ ಮರವೆಂಬುದು ಕೇವಲ ಸೌದೆಯಲ್ಲ, ಭೂಮಿಯ ರಕ್ಷಾಕವಚವೇ ಸರಿ. ಆದುದರಿಂದ ಮರವನ್ನು ಪೀಡಿಸುವ ಕೀಟಗಳ ವಿಚಾರವು ವಿದ್ವಾಂಸರಿಗಷ್ಟೇ ಮೀಸಲಾದುದಲ್ಲ.

ನಮ್ಮ ದೇಶದಲ್ಲಿ ಅರಣ್ಯಕೀಟಗಳ ಶಾಸ್ತ್ರಕ್ಕೆ 1906ರಲ್ಲಿ ಸ್ಥಾಪಿತವಾದ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ನೆಲೆಯನ್ನೊದಗಿಸಿತು. ಅಲ್ಲಿಯ ಕೀಟಶಾಸ್ತ್ರಜ್ಞ ಬೀಸನ್ನರು 1941ರಲ್ಲಿ ಪ್ರಕಟಿಸಿದ, ಭಾರತದ ಅರಣ್ಯಕೀಟಗಳನ್ನು ಕುರಿತ ಬೃಹದ್ಗ್ರಂಥವು ಬಹುಕಾಲ ಆಧಾರಪ್ರಾಯವಾಗಿತ್ತು. ಇಂದು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ದಕ್ಷಿಣದ ವೃಕ್ಷಗಳ ಕೀಟಗಳನ್ನು ಪರಿಶೀಲಿಸುತ್ತಿದೆ.

ಒಂದು ನಿದರ್ಶನವನ್ನು ನೋಡೋಣ. ಆಸ್ಟ್ರೇಲಿಯ ಮೂಲದ, ಒಂದು ಮಿಲಿಮೀಟರಿಗಿಂತ ತುಸು ಮಿಕ್ಕ ಲೆಪ್ಟೊಸೈಬೆ ಇನ್ವೇಸ ಎಂಬ ಕಣಜವು 2001ರಲ್ಲಿ ಮಂಡ್ಯ ಜಿಲ್ಲೆಯ ನೀಲಗಿರಿ ಗಿಡಗಳಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಕಾಣಿಸಿಕೊಂಡಿತು. ಹೆಣ್ಣುಕೀಟವು ಎಳೆಯ ಎಲೆಯ ನಡುನರ, ತೊಟ್ಟು ಮತ್ತು ಕುಡಿಗಳೊಳಗೆ ಮೊಟ್ಟೆಗಳನ್ನಿಡಲು, ಅಲ್ಲಿನ ಅಂಗಾಂಶವು ಊದಿ ಗಂಟಾಗುವುದು. ಮರಿಯು ಅದರೊಳಗೇ ಬೆಳೆಯುವುದು. ಎಲೆ ಮುರುಟಿ, ಸಸಿಯ ಏಳಿಗೆ ಕುಂಠಿತವಾಗುವುದು. ಗಂಡಿನ ಸಂಪರ್ಕವಿಲ್ಲದೆಯೇ ಸಂತಾನ ವೃದ್ಧಿಸುವುದರಿಂದ ಇದರ ಹಬ್ಬುವಿಕೆಯು ಶೀಘ್ರ.

ಮರಿಯು ಗಂಟಿನ ಕೋಟೆಯೊಳಗೆ ಅಡಗಿರುವ ಕಾರಣ ಮೇಲೆ ಎರಚಿದ ವಿಷವು ಅದನ್ನು ಸುಲಭವಾಗಿ ಮುಟ್ಟಲಾರದು. ಆದ್ದರಿಂದಲೇ ಸಂಶೋಧಕರು ಪೀಡೆಯನ್ನು ತಾಳಬಲ್ಲ ತಳಿಗಳನ್ನು ಆರಿಸುವುದು, ಕ್ವಾಡ್ರಾಸ್ಟಿಕಸ್ ಮೆಂಡೆಲಿ ಮೊದಲಾದ ಪರೋಪಜೀವಿ ಕಣಜಗಳ ನೆರವನ್ನು ಪಡೆಯುವುದು, ಸಸಿಮಡಿಗಳನ್ನು ನಿರ್ಮಲವಾಗಿಡುವುದು ಎಂಬ ಉಪಾಯಗಳನ್ನು ಒಟ್ಟಾಗಿ ಅನುಸರಿಸಿದರು.

ಪೀಡೆಯು ಬಹುಮಟ್ಟಿಗೆ ಸಸಿಯೊಡನೆಯೇ ಊರಿಂದೂರಿಗೆ ಸಾಗುತ್ತದೆ. ಆದುದರಿಂದ ನೆಡುವವರು ಗಂಟಿರುವ ಸಸಿಯನ್ನು ಕೊಳ್ಳದಿರಲಿ. ಒಂದೇ ಜಾತಿಯ ಮರಗಳಿಂದ ಹೊಲವನ್ನೆಲ್ಲ ತುಂಬದೆ, ಬೇವು, ಹೊಂಗೆ, ಹುಣಿಸೆಗಳನ್ನೂ ಜೊತೆಗೆ ಬೆಳೆಸಲಿ.