ಐದು ದಿನದ ಗಿರಾಕಿ, ಎರಡು ದಿನದ ಅತಿಥಿ



ಗಲ್ಲಾದಲ್ಲಿ ಕುಳಿತವನಿಗೆ ಊರಿನ ಸಮಾಚಾರವೆಲ್ಲ ತಿಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಇಬ್ಬರೂ ದುಡಿಯುವ ಗಂಡ-ಹೆಂಡತಿ ಪುಣೆಯಂಥ ನಗರದಲ್ಲಿ ವಾರವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ನಾವು ಎಷ್ಟು ಗಮನಿಸಿದ್ದೇವೆ? ನಾನಂತೂ ಅಂಥ ಒಂದು ಜೋಡಿಯನ್ನು ಕಳೆದುಕೊಂಡ ಮೇಲೆಯೇ ಗಮನಿಸಲು ಕಲಿತೆ.

ಕೋಥ್ರೂಡ್ ಕಡೆ ನಮ್ಮದು ಚಿಕ್ಕ ಉಡುಪಿ ಹೋಟೆಲ್. ಆತ ಹುಬ್ಬಳ್ಳಿಯವ, ಹಿಂಜವಡಿಯ ಐಟಿ ಪಾರ್ಕಿನಲ್ಲಿ ಕೆಲಸ. ಆಕೆ ನಾಸಿಕದವಳು, ಶಿವಾಜಿನಗರದ ಬ್ಯಾಂಕಿನಲ್ಲಿ ನೌಕರಿ. ಬೆಳಿಗ್ಗೆ ಎರಡು ಪ್ಲೇಟ್ ಇಡ್ಲಿ ಪಾರ್ಸೆಲ್ ಕಟ್ಟಿಸಿಕೊಂಡು, "ಬರ್ತೀನಿ ಅಣ್ಣಾ" ಎಂದು ಹೇಳಿ ಆತ ಕಂಪನಿ ಬಸ್ಸಿಗೆ ಓಡುತ್ತಿದ್ದ. ಒಂದು ದಿನ ಸಾಂಬಾರ್ ಕುದಿಯುವುದು ತಡವಾಗಿ ಪಾರ್ಸೆಲ್ ಹತ್ತು ನಿಮಿಷ ನಿಂತಿತು, ಬಸ್ಸು ತಪ್ಪಿತು. ಆತ ಜಗಳವಾಡಲಿಲ್ಲ. ಮರುದಿನದಿಂದ ಬರಲಿಲ್ಲ, ಅಷ್ಟೇ. ಜಗಳವಾಡುವ ಗಿರಾಕಿ ಮತ್ತೆ ಬರುತ್ತಾನೆ, ಸುಮ್ಮನೆ ಹೋದವನು ಬರುವುದು ಕಷ್ಟ.

ಸೋಮವಾರದಿಂದ ಶುಕ್ರವಾರ

ಈ ಐದು ದಿನ ಅವರು ನಮ್ಮಲ್ಲಿ ಕೊಳ್ಳುವುದು ತಿಂಡಿಯನ್ನಲ್ಲ, ಸಮಯವನ್ನು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗಿನ ಒಂದೂವರೆ ಗಂಟೆಯಲ್ಲಿ ಪಾರ್ಸೆಲ್ ವ್ಯಾಪಾರ ಮುಗಿದುಹೋಗುತ್ತದೆ. ಸಂಜೆ ಹಿಂಜವಡಿಯ ಟ್ರಾಫಿಕ್ ದಾಟಿ ಮನೆ ಮುಟ್ಟುವಾಗ ಎಂಟೂವರೆ. ಆಗ ಒಲೆ ಹಚ್ಚುವ ಉತ್ಸಾಹ ಯಾರಿಗೂ ಇರುವುದಿಲ್ಲ. ಆದರೆ ದಿನಾ ಹೋಟೆಲ್ ಊಟವೂ ಬೇಡ. ಪುಣೆಯ ಓಣಿ ಓಣಿಗಳಲ್ಲಿ ಮಹಿಳೆಯರು ನಡೆಸುವ ಪೋಳಿ-ಭಾಜಿ ಕೇಂದ್ರಗಳು ಬೆಳೆದದ್ದು ಈ ಕಾರಣಕ್ಕೇ. ನಾಲ್ಕು ಚಪಾತಿ, ಒಂದು ಪಲ್ಯ ಕಟ್ಟಿಸಿಕೊಂಡರೆ ಮನೆಯಲ್ಲಿ ಅನ್ನ ಮಾತ್ರ ಇಟ್ಟರಾಯಿತು. ನಾವು ಫುಲ್ ಊಟವನ್ನೇ ಮಾರಲು ಹಟ ಹಿಡಿದಿದ್ದೆವು. ಅವರಿಗೆ ಬೇಕಾದದ್ದು ಅರ್ಧ ಲೀಟರ್ ಸಾಂಬಾರ್ ಅಥವಾ ಒಂದು ಕಿಲೋ ದೋಸೆ ಹಿಟ್ಟು.

2020ರ ಕೊರೋನಾ ನಂತರ ಇನ್ನೊಂದು ಬದಲಾವಣೆ ಆಗಿದೆ. ಅನೇಕ ಕಂಪನಿಗಳಲ್ಲಿ ವಾರದ ಕೆಲವು ದಿನ ಮನೆಯಿಂದಲೇ ಕೆಲಸ. ಆ ದಿನ ಬೆಳಗಿನ ಪಾರ್ಸೆಲ್ ಇಳಿಯುತ್ತದೆ, ಹನ್ನೊಂದು ಗಂಟೆಯ ಕಾಫಿ ಮತ್ತು ಮಧ್ಯಾಹ್ನದ ಊಟ ಏರುತ್ತದೆ. ನಿಮ್ಮ ಬಡಾವಣೆಯಲ್ಲಿ ಅದು ಯಾವ ದಿನ ಎಂಬುದನ್ನು ಒಂದು ತಿಂಗಳ ಬಿಲ್ಲುಗಳೇ ಹೇಳುತ್ತವೆ.

ಉಪವಾಸದ ದಿನಗಳನ್ನು ಮರೆಯಬಾರದು. ಸಂಕಷ್ಟಿ, ಏಕಾದಶಿಯಂದು ಆಕೆ ಇಡ್ಲಿ ಮುಟ್ಟುವುದಿಲ್ಲ. ಸಾಬೂದಾಣಾ ಖಿಚಡಿ ಇಲ್ಲದಿದ್ದರೆ ಅಂದು ಇಬ್ಬರೂ ಬೇರೆ ಹೋಟೆಲಿಗೆ ಹೋಗುತ್ತಾರೆ.

ಶನಿವಾರ, ಭಾನುವಾರ

ಮಂಗಳವಾರ ಐದು ನಿಮಿಷ ಕಾಯದ ಅದೇ ಜೋಡಿ ಶನಿವಾರ ಅರ್ಧ ಗಂಟೆ ನಗುನಗುತ್ತ ಕಾಯುತ್ತದೆ. ನಂಬಿಕೆ ಬಾರದಿದ್ದರೆ ರಜಾದಿನ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲಿನ ಮುಂದೆ ನಿಂತು ನೋಡಿ. 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ಬೆಳೆಸಿದ ಆ ಹೋಟೆಲಿಗೆ ಜನ ಹೊಟ್ಟೆ ತುಂಬಿಸಲು ಮಾತ್ರ ಬರುವುದಿಲ್ಲ, ಕುಳಿತು ಮಾತಾಡಲು ಬರುತ್ತಾರೆ.

ಭಾನುವಾರ ನಮ್ಮ ಜೋಡಿ ಬೆಳಗ್ಗೆ ಆರಕ್ಕೇ ಬೈಕಿನಲ್ಲಿ ಸಿಂಹಗಡಕ್ಕೆ ಹೊರಡುತ್ತದೆ. 1670ರಲ್ಲಿ ತಾನಾಜಿ ಪ್ರಾಣ ಕೊಟ್ಟು ಗೆದ್ದ ಕೋಟೆ, ಊರಿನಿಂದ ಸುಮಾರು 30 ಕಿ.ಮೀ. ಅಲ್ಲಿ ಪಿಠಲ-ಭಾಕರಿ, ಕಾಂದಾ ಭಜಿ, ಮಣ್ಣಿನ ಕುಡಿಕೆಯ ಮೊಸರು. ಬರುವಾಗ ಖಡಕ್‌ವಾಸ್ಲಾ ಕೆರೆ ದಂಡೆಯಲ್ಲಿ ಸುಟ್ಟ ಜೋಳದ ತೆನೆ. ಮಳೆಗಾಲದಲ್ಲಾದರೆ ಲೋಣಾವಳಾ. ಈ ರುಚಿಗಳೊಡನೆ ನಾವು ಪೈಪೋಟಿಗೆ ಇಳಿಯುವುದು ವ್ಯರ್ಥ. ಅದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ಭಾನುವಾರ ಏಳು ಗಂಟೆಗೇ ಇಡ್ಲಿ ಪಾತ್ರೆಗಳನ್ನೆಲ್ಲ ಏರಿಸಿ, ಹತ್ತರ ಹೊತ್ತಿಗೆ ತಣ್ಣಗಾದದ್ದನ್ನು ಎಸೆಯುತ್ತಿದ್ದೆ. ಮನೆಯಲ್ಲಿ ಉಳಿದವರು ಏಳುವುದೇ ಒಂಬತ್ತಕ್ಕೆ, ಹೋಟೆಲಿಗೆ ಬರುವುದು ಹತ್ತರ ಮೇಲೆ.

ನಾವು ಮಾಡಿಕೊಂಡ ಬದಲಾವಣೆ

ವಾರದ ದಿನಗಳಲ್ಲಿ ಪಾರ್ಸೆಲ್‌ಗೆ ಬೇರೆ ಕೌಂಟರ್, ಒಬ್ಬ ಹುಡುಗ. ಏಳೂ ಇಪ್ಪತ್ತಕ್ಕೆ ಸಾಂಬಾರ್ ಕುದಿಯುತ್ತಿರಬೇಕು ಎಂದು ಭಟ್ಟರಿಗೆ ಕಟ್ಟುನಿಟ್ಟು. ಸಂಜೆ ಸಾಂಬಾರ್, ಹಿಟ್ಟು, ಚಪಾತಿ ಬಿಡಿಬಿಡಿಯಾಗಿ ಮಾರಾಟ. ಭಾನುವಾರದ ಹಿಟ್ಟನ್ನು ಎರಡು ಪಾಲು ಮಾಡಿ, ಉಬ್ಬಿದ ಮೇಲೆ ಒಂದು ಪಾಲನ್ನು ಫ್ರಿಜ್ಜಿನಲ್ಲಿಟ್ಟು ಒಂಬತ್ತರ ನಂತರ ತೆಗೆಯುತ್ತೇವೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬುವುದು ತಡ, ಆಗ ಸಂಜೆ ಬೇಗನೆ ರುಬ್ಬಿಸುತ್ತೇವೆ.

ಪ್ರವಾಸಕ್ಕೆ ಪಾರ್ಸೆಲ್ ಕೇಳಿದವರಿಗೆ ಕಾಯಿಚಟ್ನಿ ಕೊಡುವುದಿಲ್ಲ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಅದು ಬೇಗ ಹಳಸುತ್ತದೆ, ಹೊಟ್ಟೆ ಕೆಟ್ಟರೆ ಹೆಸರು ಕೆಡುವುದು ನಮ್ಮದೇ. ಅದರ ಬದಲು ಎಣ್ಣೆ ಕಲಸಿದ ಚಟ್ನಿಪುಡಿ. ಭಾನುವಾರ ಸಂಜೆ ಟೇಬಲ್ ಖಾಲಿ ಮಾಡಿಸುವ ಅವಸರವಿಲ್ಲ. ಎರಡನೆಯ ಕಾಫಿಗೆ ಸಪ್ಲೈಯರ್ ತಾನಾಗಿಯೇ ಕೇಳುತ್ತಾನೆ.

ನಾಲ್ಕು ತಿಂಗಳ ನಂತರ, ಸಂಕಷ್ಟಿಯ ದಿನ, ಆಕೆಯೊಬ್ಬಳೇ ಬಂದು ಖಿಚಡಿ ಕಟ್ಟಿಸಿಕೊಂಡಳು. ಹೋಗುವಾಗ, "ಅಣ್ಣಾ, ಬೆಳಿಗ್ಗೆ ಪಾರ್ಸೆಲ್ ಈಗ ಬೇಗ ಸಿಗ್ತದಾ?" ಎಂದು ಕೇಳಿದಳು. ಗಂಡನಿಂದ ಕಲಿತ ಕನ್ನಡ. ಸಿಗುತ್ತದೆ ತಾಯಿ, ನಾಳೆ ನೋಡಿ ಎಂದೆ. ಮರುದಿನ ಆತ ಬರುವ ಮೊದಲೇ ಎರಡು ಪ್ಲೇಟ್ ಇಡ್ಲಿ ಕಟ್ಟಿ ಕೌಂಟರ್ ಮೇಲೆ ಇಟ್ಟಿದ್ದೆ.

ವಾರಕ್ಕೆ ಏಳು ದಿನ ನಿಜ, ಆದರೆ ನಮ್ಮ ವ್ಯಾಪಾರ ಎರಡು. ಐದು ದಿನ ಗಡಿಯಾರ ನೋಡಿ ಬಡಿಸಿ, ಎರಡು ದಿನ ಮುಖ ನೋಡಿ ಬಡಿಸಿ. ನಿಮ್ಮ ಹೋಟೆಲಿನಲ್ಲಿ ಹೀಗೆ ಸುಮ್ಮನೆ ಹೋದವರು ಯಾರಿದ್ದಾರೆ ಎಂದು ಇಂದು ರಾತ್ರಿ ಗಲ್ಲಾ ಮುಚ್ಚುವಾಗ ಒಮ್ಮೆ ನೆನೆದು ನೋಡಿ.