ಹೊಗಳಿಕೆ ತೆಗಳಿಕೆಯಾದ ಬಗೆ

ಸ್ಪೇನ್ ದೇಶದವನೊಬ್ಬನು ಲಿಸ್ಬನ್ ನಗರದ ಗೆಳೆಯನ ಮನೆಯಲ್ಲಿ ಊಟಕ್ಕೆ ಕುಳಿತಿರುವನೆಂದು ಭಾವಿಸೋಣ. ಉಪ್ಪು ಹಚ್ಚಿ ಒಣಗಿಸಿದ ಕಾಡ್ ಮೀನಿನ ಅಡಿಗೆ ಅವನಿಗೆ ಬಹಳ ಹಿಡಿಸಿದೆ. ಪೋರ್ಚುಗೀಸ್ ಭಾಷೆಯು ತನ್ನ ಭಾಷೆಗೆ ಒಡಹುಟ್ಟಿದುದೆಂಬ ಧೈರ್ಯದಿಂದ ಅವನು 'ಎಸ್ಕಿಸೀತೊ!' ಎಂದು ಬಾಯ್ತುಂಬ ಹೊಗಳುತ್ತಾನೆ. ಮನೆಯೊಡತಿಯ ಮುಖ ಬಾಡುತ್ತದೆ. ಅವನು ಹೇಳಿದುದು 'ಬಲು ರುಚಿ' ಎಂದು. ಆಕೆಗೆ ಕೇಳಿಸಿದುದು 'ಏನೋ ಒಂದು ಥರ ಇದೆ' ಎಂದು.

ತಪ್ಪು ಇಬ್ಬರದೂ ಅಲ್ಲ. ಸ್ಪೇನಿನ ಆ ಮಾತೂ ಪೋರ್ಚುಗೀಸರ 'ಇಷ್ಕಿಜೀತು'ವೂ ಲ್ಯಾಟಿನ್ನಿನ 'ಎಕ್ಸ್‌ಕ್ವೀಸೀತುಸ್' ಎಂಬ ಒಂದೇ ವಿಶೇಷಣದಿಂದ ಬಂದವು. 'ಎಕ್ಸ್' ಎಂದರೆ ಹೊರಗೆ, 'ಕ್ವೈರೆರೆ' ಎಂದರೆ ಹುಡುಕುವುದು. ಹುಡುಕಿ ಹೊರತೆಗೆದದ್ದು ಎಂಬುದೇ ಮೂಲಾರ್ಥ. ಹೀಗೆ ಅರಸಿ ಆಯ್ದ ವಸ್ತುವು ಉತ್ತಮವೂ ಆಗಿರುತ್ತದೆ, ವಿರಳವೂ ಆಗಿರುತ್ತದೆ. ಸ್ಪೇನ್, ಇಟಲಿಗಳ ಜನರು ಉತ್ತಮತೆಯನ್ನು ಹಿಡಿದರು. ಇಟಲಿಯವರ 'ಸ್ಕ್ವಿಜೀತೊ' ಇಂದಿಗೂ ಊಟದ ಮೇಜಿನ ಮೆಚ್ಚುಮಾತು. ಹಳೆಯ ಪೋರ್ಚುಗೀಸಿನಲ್ಲಿಯೂ ಸೊಗಸಿನ ಅರ್ಥವಿತ್ತು. ಆದರೆ ಅಲ್ಲಿ ವಿರಳತೆಯ ಅರ್ಥವೇ ಬೆಳೆಯಿತು. ವಿರಳವಾದುದು ಕಂಡರಿಯದುದಾಯಿತು, ಕಂಡರಿಯದುದು ವಿಲಕ್ಷಣವಾಯಿತು. ಬ್ರೆಜಿಲಿನವರೂ ವಿಲಕ್ಷಣ ಮನುಷ್ಯನನ್ನು ಈ ಪದದಿಂದಲೇ ಕರೆಯುತ್ತಾರೆ.

ಫ್ರೆಂಚರ 'ಎಕ್ಸ್‌ಕಿ'ಯ ಕಥೆ ಇನ್ನೂ ಸ್ವಾರಸ್ಯವಾದುದು. ತಿಂಡಿತಿನಿಸು, ಸುಗಂಧ, ನಡೆನುಡಿ ಇವೆಲ್ಲ ಅವರಲ್ಲಿ 'ಎಕ್ಸ್‌ಕಿ' ಆಗಬಲ್ಲವು. ಆದರೆ ಅಲ್ಲಿಯ ವೈದ್ಯರು ನೋವಿಗೂ ಇದೇ ವಿಶೇಷಣವನ್ನು ಸೇರಿಸುತ್ತಾರೆ! ಏಟು ಬಿದ್ದ ಕಾಲನ್ನು ಬೆರಳಿನಿಂದ ಒತ್ತುತ್ತ ಹೋದಾಗ ಒಂದೇ ಬಿಂದುವಿನಲ್ಲಿ ರೋಗಿಯು ಚೀರುವಂತಾದರೆ ಆ ನೋವು 'ಎಕ್ಸ್‌ಕಿ'. ಮೂಳೆ ಮುರಿದಿರಬಹುದೆಂಬುದಕ್ಕೆ ಅದೊಂದು ಸೂಚನೆ. ಹುಡುಕಿ ಹಿಡಿಯುವ ಹಳೆಯ ಅರ್ಥವೇ ಇಲ್ಲಿ ಮರಳಿ ಇಣುಕುತ್ತಿರುವಂತೆ ನಮಗೆ ತೋರುತ್ತದೆ.

ಪೋರ್ಚುಗೀಸರನ್ನು ಕಂಡು ನಾವು ನಗುವಂತಿಲ್ಲ. ಸಂಸ್ಕೃತದ 'ವಿಚಿತ್ರ'ಕ್ಕೆ ಬಣ್ಣಬಣ್ಣದ, ಸುಂದರವಾದ ಎಂಬ ಅರ್ಥಗಳೂ ಉಂಟು. ಮಹಾಭಾರತದ ವಿಚಿತ್ರವೀರ್ಯನಿಗೆ ಆ ಹೆಸರನ್ನಿಟ್ಟವರು ಮಗುವನ್ನು ಹೀಯಾಳಿಸಲಿಲ್ಲ. ಕನ್ನಡದಲ್ಲಾದರೋ, ಬೀಗರ ಮನೆಯ ಹುಳಿಯನ್ನು ಚಪ್ಪರಿಸಿ 'ವಿಚಿತ್ರವಾಗಿದೆ' ಎಂದವನಿಗೆ ಎರಡನೆಯ ಸಲ ಬಡಿಸುವವರು ಬಾರರು.

ಅಂದಹಾಗೆ, ನಮ್ಮ ಸ್ಪೇನಿನ ಅತಿಥಿಯು 'ದೆಲಿಸಿಯೋಸೊ' ಎಂದಿದ್ದರೆ ಸಾಕಾಗಿತ್ತು. ಅದೂ ಲ್ಯಾಟಿನ್ ಮೂಲದ ವಿಶೇಷಣವೇ. ಎರಡು ನಾಡುಗಳಲ್ಲಿಯೂ ಅದು ರುಚಿಯನ್ನೇ ಹೊಗಳುತ್ತದೆ.